ಐದು ದಿನದ ಬಾಕಿಗೆ ಒಂದು ವರ್ಷ

ಇವತ್ತು ಒಂದು ಸಣ್ಣ ಲೆಕ್ಕದಿಂದ ಮಾತು ಶುರು ಮಾಡೋಣ. ಪ್ರೌಢಶಾಲೆಯಲ್ಲಿ ವರ್ಷಕ್ಕೆ 220 ದಿನ ಪಾಠ ನಡೆಯುತ್ತದೆ ಎಂದಿಟ್ಟುಕೊಳ್ಳಿ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲು ಶೇ 75ರಷ್ಟು ಹಾಜರಾತಿ ಬೇಕು, ಅಂದರೆ 165 ದಿನ. ಉಳಿಯುವುದು 55. ಅಕ್ಕನ ಮದುವೆ, ಊರ ಜಾತ್ರೆ, ಬಸ್ಸೇ ಬಾರದ ಮಳೆಗಾಲದ ಬೆಳಗು, ನೆಗಡಿ, ಜ್ವರ ಎಲ್ಲವೂ ಈ 55ರ ಒಳಗೇ ಆಗಿಹೋಗಬೇಕು. ಆರೋಗ್ಯವಂತ ಮಗುವಿಗೆ ಇದು ಧಾರಾಳವಾಯಿತು. ಆದರೆ ಹತ್ತನೇ ತರಗತಿಯ ಹುಡುಗಿಯೊಬ್ಬಳು ಕಾಯಿಲೆ ಬಿದ್ದು 60 ದಿನ ಶಾಲೆಗೆ ಬರಲಾಗಲಿಲ್ಲ ಎನ್ನಿ. ಮಿತಿಗಿಂತ ಐದೇ ದಿನ ಹೆಚ್ಚು. ವಿನಾಯಿತಿ ಸಿಕ್ಕರೆ ಸರಿ. ಸಿಗದೆ ಹೋದರೆ ಆ ಐದು ದಿನದ ಬಾಕಿಗೆ ಅವಳು ತೆರಬೇಕಾದದ್ದು ಇಡೀ ಒಂದು ವರ್ಷ. ಕಾಯಿಲೆ ತೆಗೆದುಕೊಂಡದ್ದು ಎರಡು ಮೂರು ತಿಂಗಳು. ಮಿಕ್ಕ ತಿಂಗಳುಗಳನ್ನು ತೆಗೆದುಕೊಂಡದ್ದು ನಮ್ಮ ನಿಯಮ. ಈ ಮಿಕ್ಕ ತಿಂಗಳುಗಳನ್ನು ಆ ಮಗುವಿಗೆ ಹಿಂದಿರುಗಿಸಬೇಕು, ಹಿಂದಿರುಗಿಸಲು ಸಾಧ್ಯವೂ ಇದೆ ಎನ್ನುವುದೇ ನನ್ನ ವಾದ.

ಕಾಯಿಲೆ ಹೇಳಿ ಕೇಳಿ ಬರುವುದಿಲ್ಲ ಎನ್ನುತ್ತೇವೆ. ಆದರೆ ಕೆಲವು ಕಾಯಿಲೆಗಳು ಪರೀಕ್ಷೆಯ ವೇಳಾಪಟ್ಟಿ ನೋಡಿಕೊಂಡೇ ಬರುತ್ತವೇನೋ ಅನ್ನಿಸುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಮಲೆನಾಡಿನಲ್ಲಿ ಕಾಣಿಸಿಕೊಳ್ಳುವುದು ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ತಿಂಗಳ ನಡುವೆ. ಉಣುಗು ಕಚ್ಚಿ ಜ್ವರ ಬರುತ್ತದೆ, ಒಂದೆರಡು ವಾರಕ್ಕೆ ಇಳಿಯುತ್ತದೆ, ಕೆಲವರಿಗೆ ಇಳಿದ ಮೇಲೆ ಮತ್ತೊಮ್ಮೆ ಏರುತ್ತದೆ. ಜ್ವರ ಬಿಟ್ಟರೂ ನಿಶ್ಶಕ್ತಿ ಬಿಡಲು ವಾರಗಟ್ಟಲೆ ಬೇಕು. ಪೂರ್ವಸಿದ್ಧತಾ ಪರೀಕ್ಷೆ, ಪುನರಾವರ್ತನೆ, ಪ್ರಯೋಗ ಪರೀಕ್ಷೆ, ಕೊನೆಗೆ ಮಾರ್ಚಿಯ ಪಬ್ಲಿಕ್ ಪರೀಕ್ಷೆ ಎಲ್ಲ ಬರುವುದೂ ಇದೇ ತಿಂಗಳುಗಳಲ್ಲಿ. ಇನ್ನು ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರಿಗೆ ಎರಡರಿಂದ ಮೂರು ವರ್ಷದ ಚಿಕಿತ್ಸೆ. ಅದರಲ್ಲಿ ಮೊದಲ ಹಲವು ತಿಂಗಳು ಬಹಳ ಕಠಿಣ. ಔಷಧಿಯಿಂದ ಬಿಳಿ ರಕ್ತಕಣಗಳು ಕುಸಿದಿರುವಾಗ ಮಗುವನ್ನು ಜನ ಸೇರುವ ಕಡೆ ಕಳಿಸಬೇಡಿ ಎಂದು ವೈದ್ಯರು ಹೇಳಿಯೇ ಕಳಿಸುತ್ತಾರೆ. ರಾಯಚೂರಿನ ಕಡೆಯಿಂದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಬಂದು, ಧರ್ಮಶಾಲೆಯಲ್ಲಿ ಉಳಿದು ಚಿಕಿತ್ಸೆ ಪಡೆಯುವ ಹುಡುಗನಿಗೆ ವೈದ್ಯರು ತರಗತಿಗೆ ಹೋಗಬೇಡ ಎನ್ನುತ್ತಾರೆ, ನಿಯಮ ಹೋಗಲೇಬೇಕು ಎನ್ನುತ್ತದೆ. ಎರಡನ್ನೂ ಪಾಲಿಸುವುದು ಯಾವ ಮಗುವಿಗೂ ಆಗದ ಮಾತು.

ಇವೆರಡಕ್ಕಿಂತ ಕಣ್ಣಿಗೆ ಕಾಣದ ತೊಂದರೆ ಕುಡುಗೋಲು ಕಣದ ಕಾಯಿಲೆಯದು. ಚಾಮರಾಜನಗರದ ಸೋಲಿಗರಲ್ಲಿ, ಮೈಸೂರು ಸೀಮೆಯ ಇತರ ಗಿರಿಜನರಲ್ಲಿ ಸಿಕಲ್ ಸೆಲ್ ಎಂಬ ಈ ರಕ್ತದೋಷ ವಂಶಪಾರಂಪರ್ಯವಾಗಿ ಬರುತ್ತದೆ. ದುಂಡಗೆ ಮೆತ್ತಗೆ ಇರಬೇಕಾದ ಕೆಂಪು ಕಣ ಕುಡುಗೋಲಿನಂತೆ ಬಾಗಿ, ಗಡುಸಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಕೈಕಾಲು, ಬೆನ್ನು, ಎದೆಯಲ್ಲಿ ತಡೆಯಲಾಗದ ನೋವು. ಚಳಿಗೆ ಮೈಯೊಡ್ಡಿದರೆ, ನೀರು ಕಡಿಮೆ ಕುಡಿದರೆ ಸಾಕು, ನೋವು ಕೆರಳಬಹುದು. ನಾಲ್ಕು ದಿನ ಮಲಗಿದ ಹುಡುಗಿ ಐದನೇ ದಿನ ತಲೆ ಬಾಚಿ, ಸಮವಸ್ತ್ರ ತೊಟ್ಟು ಬೆಂಚಿನ ಮೇಲೆ ಕೂತಿರುತ್ತಾಳೆ. ನೋಡುವವರಿಗೆ ಅವಳಿಗೇನೂ ಆಗಿಲ್ಲ. ಈ ತಿಂಗಳು ಎರಡು ದಿನ, ಮುಂದಿನ ತಿಂಗಳು ಐದು ದಿನ, ಹೀಗೆ ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿಯ ಗುರುತುಗಳು ಅಲ್ಲೊಂದು ಇಲ್ಲೊಂದು ಬೀಳುತ್ತ ಹೋಗುತ್ತವೆ. ಬೇಸರಕ್ಕೆ ಶಾಲೆ ತಪ್ಪಿಸುವ ಹುಡುಗನ ಸಾಲೂ, ನೋವಿಗೆ ಒದ್ದಾಡಿದ ಹುಡುಗಿಯ ಸಾಲೂ ಆ ಪುಸ್ತಕದಲ್ಲಿ ಒಂದೇ ತರಹ ಕಾಣುತ್ತವೆ. ಒಮ್ಮೆಗೇ ಎರಡು ತಿಂಗಳು ಆಸ್ಪತ್ರೆಯಲ್ಲಿದ್ದರೆ ತೋರಿಸಲು ಒಂದು ಕಾಗದವಾದರೂ ಇರುತ್ತದೆ. ಮನೆಯಲ್ಲೇ ನೋವು ನುಂಗಿದ ಮೂರು ದಿನಕ್ಕೆ ಯಾರು ಚೀಟಿ ಬರೆದುಕೊಡುತ್ತಾರೆ? ಕಾಯಿಲೆ ಬಿದ್ದವರ ಮನೆಯ ಇನ್ನೊಂದು ಮಗುವನ್ನೂ ಇಲ್ಲಿ ನೆನೆಯಬೇಕು. ತಾಯಿ ಆಸ್ಪತ್ರೆಯಲ್ಲಿ ನಿಂತಾಗ ಒಲೆ ಹಚ್ಚಿ, ತಮ್ಮನನ್ನು ನೋಡಿಕೊಂಡು ಮನೆಯಲ್ಲಿ ಉಳಿಯುವ ಅಕ್ಕನಿಗೆ ಯಾವ ವೈದ್ಯಕೀಯ ಪ್ರಮಾಣಪತ್ರವೂ ಇಲ್ಲ.

ಹಾಜರಾತಿಯ ನಿಯಮ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಮಕ್ಕಳನ್ನು ಹೊಲಕ್ಕೆ, ಗ್ಯಾರೇಜಿಗೆ ಕಳಿಸದೆ ಶಾಲೆಯಲ್ಲಿ ಉಳಿಸುವುದಕ್ಕೆ ಅದು ಬೇಕು. ಮೇಷ್ಟರ ಮುಂದೆ ಕೂತು ಕಲಿಯುವುದಕ್ಕೆ ಬೆಲೆ ಇದೆ ಎಂದು ಅದು ಸಾರುತ್ತದೆ, ಅದೂ ಸರಿ. ಆದರೆ ಆ ನಿಯಮ ಅಳೆಯುವುದು ಕೂತ ದಿನಗಳನ್ನು, ಕಲಿತದ್ದನ್ನಲ್ಲ. ಕಲಿತದ್ದನ್ನು ಬೇರೆ ರೀತಿಯಲ್ಲೂ ಅಳೆಯಬಹುದು ಎಂದು ನಮ್ಮ ರಾಜ್ಯವೇ 2021ರಲ್ಲಿ ತೋರಿಸಿಕೊಟ್ಟಿತು. ಕೊರೊನಾ ಕಾಲದಲ್ಲಿ ತರಗತಿಗಳು ಸರಿಯಾಗಿ ನಡೆಯಲಿಲ್ಲ. ಆ ವರ್ಷ ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾಗಿ, ಹಿಂದಿನ ತರಗತಿಗಳ ಅಂಕಗಳನ್ನು ಆಧಾರವಾಗಿಟ್ಟುಕೊಂಡು ಫಲಿತಾಂಶ ಕೊಟ್ಟರು. ಎಸ್ಸೆಸ್ಸೆಲ್ಸಿಗೆ ಜುಲೈ 19 ಮತ್ತು 22ರಂದು, ಎರಡೇ ದಿನದಲ್ಲಿ, ಬಹುಆಯ್ಕೆ ಪ್ರಶ್ನೆಗಳ ಪರೀಕ್ಷೆ ನಡೆಸಿದರು. ಮಕ್ಕಳ ತಪ್ಪಲ್ಲದ ಕಾರಣಕ್ಕೆ ಅವರ ವರ್ಷ ಹಾಳಾಗಬಾರದು ಎಂದು ಸರ್ಕಾರ, ಪೋಷಕರು, ಪತ್ರಿಕೆಗಳು ಎಲ್ಲರೂ ಒಪ್ಪಿದ್ದರು. ಇಡೀ ನಾಡಿಗೆ ಕಾಯಿಲೆ ಬಂದಾಗ ನಿಯಮ ಬಾಗಿತು. ಒಂದು ಮಗುವಿಗೆ ಬಂದಾಗ ಅದು ಬಾಗದಿರಲು ಕಾರಣ ಆ ಮಗು ಒಂಟಿಯಾಗಿದೆ ಎನ್ನುವುದೊಂದೇ. ಇದನ್ನು ನ್ಯಾಯ ಎನ್ನಲು ನನ್ನಿಂದಾಗದು.

ದಾರಿಗಳು ಇಲ್ಲವೆಂದಲ್ಲ, ಒಂದೊಂದು ತುಂಡಾಗಿ ಇವೆ. 2024ರಲ್ಲಿ ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ವರ್ಷಕ್ಕೆ ಮೂರು ಪರೀಕ್ಷೆಗಳು ಬಂದವು. ಪೂರಕ ಪರೀಕ್ಷೆ ಎಂಬ ಹಣೆಪಟ್ಟಿ ಹೋಗಿ, ಮೂರರಲ್ಲಿ ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳುವ ವ್ಯವಸ್ಥೆಯಾಯಿತು. ಮಾರ್ಚಿಯಲ್ಲಿ ಜ್ವರದಿಂದ ಮಲಗಿದ ಮಗುವಿಗೆ ಇದು ನಿಜವಾಗಿಯೂ ದೊಡ್ಡ ಉಪಕಾರ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಂತೂ ಒಮ್ಮೆ ಹೆಸರು ನೋಂದಾಯಿಸಿದರೆ ಐದು ವರ್ಷದ ಅವಧಿ, ಅದರೊಳಗೆ ಒಂಬತ್ತು ಅವಕಾಶ. ವಿಷಯಗಳನ್ನು ಒಂದೊಂದಾಗಿ ಮುಗಿಸುತ್ತ ಹೋಗಬಹುದು. ಸಿಬಿಎಸ್‌ಇ ನಿಯಮದಲ್ಲಿ ವೈದ್ಯಕೀಯ ಕಾರಣ, ದಾಖಲೆ ಇದ್ದರೆ ಶೇ 25ರವರೆಗೆ ಹಾಜರಾತಿ ವಿನಾಯಿತಿ ಇದೆ. ನನಗೆ ಇವೆಲ್ಲಕ್ಕಿಂತ ಹಿಡಿಸಿದ್ದು ಪರಿಶಿಷ್ಟ ಜಾತಿ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರ ಕೊಡುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ 2010ರ ನಿಯಮಾವಳಿಯಲ್ಲಿದ್ದ ಒಂದು ಷರತ್ತು. ಕಾಯಿಲೆಯಿಂದ ವಾರ್ಷಿಕ ಪರೀಕ್ಷೆಗೆ ಕೂರಲಾಗದ ವಿದ್ಯಾರ್ಥಿ ಪ್ರಮಾಣಪತ್ರ ಕೊಟ್ಟರೆ, ಕೂತಿದ್ದರೆ ಇವನು ಪಾಸಾಗುತ್ತಿದ್ದ ಎಂದು ಸಂಸ್ಥೆಯ ಮುಖ್ಯಸ್ಥರಿಗೆ ಅನ್ನಿಸಿದರೆ, ವಿದ್ಯಾರ್ಥಿವೇತನವನ್ನು ಮುಂದಿನ ವರ್ಷಕ್ಕೂ ಮುಂದುವರಿಸಬಹುದಿತ್ತು. ಪಾಠ ಹೇಳಿದವರಿಗೆ ಆ ಹುಡುಗನ ಯೋಗ್ಯತೆ ಗೊತ್ತಿರುತ್ತದೆ ಎಂಬ ನಂಬಿಕೆ ಆ ಷರತ್ತಿನಲ್ಲಿತ್ತು. ಹಣ ಕೊಡುವ ವಿಷಯದಲ್ಲಿ ಸರ್ಕಾರ ಮೇಷ್ಟರನ್ನು ಇಷ್ಟು ನಂಬಬಹುದಾದರೆ, ಹಾಜರಾತಿಯ ವಿಷಯದಲ್ಲಿ ನಂಬಲು ಅಡ್ಡಿಯೇನು?

ಕಾನೂನಿನ ಕಡೆ ತಿರುಗಿದರೆ ಒಂದು ಬಿರುಕು ಕಾಣುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 14 ವರ್ಷಕ್ಕೆ, ಎಂಟನೇ ತರಗತಿಗೆ ನಿಂತುಹೋಗುತ್ತದೆ. ಶಾಲೆಯಿಂದ ಹೊರಗುಳಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕೆಂಬ ಅದರ ಮಾತು ಹದಿನೈದರ ಹುಡುಗಿಗೆ ಅನ್ವಯವಾಗದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ತಲಸ್ಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಮೂರೂ ಅದರಲ್ಲಿವೆ. ಕ್ಯಾನ್ಸರಾಗಲಿ, ಕ್ಷಯವಾಗಲಿ, ಮಂಗನ ಕಾಯಿಲೆಯಾಗಲಿ ಆ ಪಟ್ಟಿಯಲ್ಲಿಲ್ಲ. 2021ರ ಫೆಬ್ರವರಿಯಲ್ಲಿ ವಿಕಾಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ಅಭ್ಯರ್ಥಿಗೆ ಲಿಪಿಕಾರರ ನೆರವು ಪಡೆಯುವ ಹಕ್ಕಿದೆ ಎಂದಿತು. ಅಂಗವೈಕಲ್ಯ ಶೇ 40ರ ಅಳತೆಗೋಲು ದಾಟಿಲ್ಲ ಎಂಬ ಕಾರಣಕ್ಕೆ ಅದನ್ನು ನಿರಾಕರಿಸಲಾಗದು, ಪರಿಸ್ಥಿತಿಗೆ ತಕ್ಕ ಹೊಂದಾಣಿಕೆ ಮಾಡಿಕೊಡುವುದು ದಯೆಯಲ್ಲ, ಹೊಣೆ ಎಂಬುದು ಆ ತೀರ್ಪಿನ ತಿರುಳು. ಆ ತಿರುಳು ಹಾಸಿಗೆ ಹಿಡಿದ ವಿದ್ಯಾರ್ಥಿಗೂ ಸಲ್ಲಬೇಕು ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಬರುವ ಮೊದಲ ಆಕ್ಷೇಪ ಎಲ್ಲರಿಗೂ ಗೊತ್ತಿರುವುದೇ: ಬಾಗಿಲು ತೆರೆದರೆ ಸುಳ್ಳು ಪ್ರಮಾಣಪತ್ರಗಳು ಬಂದು ಬೀಳುತ್ತವೆ. ಈ ಭಯ ಆಧಾರವಿಲ್ಲದ್ದಲ್ಲ. ಕೋಚಿಂಗ್‌ನಲ್ಲಿ ದಿನ ಕಳೆಯುತ್ತ ಶಾಲೆಯ ಪುಸ್ತಕದಲ್ಲಿ ಮಾತ್ರ ಹಾಜರಿರುವ ಡಮ್ಮಿ ವಿದ್ಯಾರ್ಥಿಗಳ ವಿಷಯವನ್ನು ಸಿಬಿಎಸ್‌ಇ ಮಂಡಳಿಯೇ ಬೆನ್ನುಹತ್ತಿದೆ. ಆದರೆ ಆ ಸಂಗತಿ ನನ್ನ ವಾದಕ್ಕೇ ಬಲ ಕೊಡುತ್ತದೆ. ಬಿಗಿ ನಿಯಮದಡಿಯಲ್ಲೂ ಮೋಸ ಮಾಡುವವರಿಗೆ ಹಾಜರಿ ಸಿಗುತ್ತಿದೆ. ಸಿಗದಿರುವುದು ನಿಜವಾಗಿ ಕಾಯಿಲೆ ಬಿದ್ದು, ನಿಜವನ್ನೇ ಹೇಳಿದ ಮಗುವಿಗೆ. ಒಂದು ಸಾಲಿನ ಚೀಟಿಯನ್ನು ನಂಬುವುದು ಬೇಡ. ಆಸ್ಪತ್ರೆಯ ಬಿಡುಗಡೆ ಪತ್ರ, ರಕ್ತ ಕೊಡಿಸಿದ ದಿನಗಳ ದಾಖಲೆ, ಔಷಧಿ ಪಡೆದ ಕಾರ್ಡು ಇವನ್ನು ಸುಳ್ಳಾಗಿ ಹೊಂದಿಸುವುದು ಸುಲಭವಲ್ಲ. ಕುಡುಗೋಲು ಕಣದಂಥ ಬಿಟ್ಟು ಬಿಟ್ಟು ಬರುವ ಕಾಯಿಲೆಗೆ ವರ್ಷದ ಆರಂಭದಲ್ಲೇ ಒಂದು ಸಲ ದಾಖಲೆ ಪಡೆದು, ಆಮೇಲೆ ಪ್ರತಿ ಗೈರಿಗೂ ಚೀಟಿ ಕೇಳದಿದ್ದರೆ ಆಯಿತು.

ಎರಡನೆಯ ಆಕ್ಷೇಪ ಗುಣಮಟ್ಟದ್ದು. ವಿನಾಯಿತಿ ಕೊಟ್ಟರೆ ಪ್ರಮಾಣಪತ್ರದ ಬೆಲೆ ಇಳಿಯುತ್ತದೆ ಎನ್ನುವವರು, ನಾನು ಕೇಳುತ್ತಿರುವುದು ಅಂಕವನ್ನಲ್ಲ, ಸಮಯವನ್ನು ಎಂಬುದನ್ನು ಗಮನಿಸಬೇಕು. ಅದೇ ಪಠ್ಯ, ಅದೇ ಪ್ರಶ್ನೆಪತ್ರಿಕೆ, ಅದೇ ಮೌಲ್ಯಮಾಪನ ಇರಲಿ. ನಂತರದ ಪರೀಕ್ಷೆಯಲ್ಲಿ ಪಾಸಾದವನ ಗಣಿತ ಮಾರ್ಚಿಯಲ್ಲಿ ಪಾಸಾದವನ ಗಣಿತಕ್ಕಿಂತ ಕಡಿಮೆಯದಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಯೇ ಕೊಡುವ ಆಂತರಿಕ ಮೌಲ್ಯಮಾಪನದ 20 ಅಂಕಗಳಿವೆಯಲ್ಲ, ಅದರ ಕಿರು ಪರೀಕ್ಷೆ, ಯೋಜನಾಕಾರ್ಯಗಳನ್ನು ಚೇತರಿಸಿಕೊಂಡ ಮೇಲೆ ಮುಗಿಸಿಕೊಡಲು ಅವಕಾಶ ಕೊಟ್ಟರೆ ಯಾರಿಗೂ ನಷ್ಟವಿಲ್ಲ.

ಮೂರನೆಯದು ಪ್ರೀತಿಯಿಂದ ಬರುವ ಆಕ್ಷೇಪ. ಮಗು ಬದುಕಿ ಬಂದದ್ದೇ ಹೆಚ್ಚು, ಒಂದು ವರ್ಷ ಹೋದರೆ ಏನಂತೆ, ವಿಶ್ರಾಂತಿ ತೆಗೆದುಕೊಳ್ಳಲಿ ಎನ್ನುವ ಅಜ್ಜಿಯರ ಮಾತು. ಈ ಮಾತಿಗೆ ನಾನು ಅರ್ಧ ಒಪ್ಪುತ್ತೇನೆ. ಜ್ವರ ಏರಿರುವಾಗ, ಕಿಮೊಥೆರಪಿ ನಡೆದಿರುವಾಗ ಪುಸ್ತಕ ಹಿಡಿಸುವುದು ಕ್ರೌರ್ಯ. ಒಂದು ವರ್ಷ ನಿಧಾನವಾಗಿ ಹೋಗೋಣ ಎಂದು ಮನೆಯವರೂ ಮಗುವೂ ಕೂಡಿ ತೀರ್ಮಾನಿಸಿದರೆ ಅದು ಗೌರವಿಸಬೇಕಾದ ತೀರ್ಮಾನ. ಆದರೆ ಒಂದು ವರ್ಷ ಹೋಗುವುದು ಎಲ್ಲ ಮನೆಗಳಲ್ಲೂ ಒಂದೇ ಅಲ್ಲ. ಅನುಕೂಲಸ್ಥರ ಮನೆಯಲ್ಲಿ ಅದು ಟ್ಯೂಷನ್ ಹಾಕಿಸಿ ತುಂಬಿಕೊಳ್ಳುವ ವರ್ಷ. ಚಿಕಿತ್ಸೆಗೆ ಸಾಲ ಮಾಡಿದ ಮನೆಯಲ್ಲಿ ಅದು ಹುಡುಗ ಕೂಲಿಗೆ ಹೋಗಿ, ಮತ್ತೆ ಶಾಲೆಯತ್ತ ತಿರುಗದ ವರ್ಷ. ಹುಡುಗಿಯಾದರೆ ಹೇಗೂ ಮನೆಯಲ್ಲಿದ್ದಾಳಲ್ಲ ಎಂದು ಗಂಡು ನೋಡಲು ಶುರು ಮಾಡುವ ವರ್ಷ. ಜೊತೆಗೆ ಓದಿದವರೆಲ್ಲ ಕಾಲೇಜಿಗೆ ಹೋದ ಮೇಲೆ, ಕಿರಿಯರ ನಡುವೆ ಹಿಂದಿನ ಬೆಂಚಿನಲ್ಲಿ ಕೂರುವ ಸಂಕೋಚವೂ ಸಣ್ಣದಲ್ಲ. ಕಾಯಿಲೆಯಿಂದ ಎದ್ದ ಮಗುವಿಗೆ ಗೆಳೆಯರ ಜೊತೆ ಬೇಕು. ಆ ಜೊತೆಯನ್ನು ಹಾಜರಿ ಪುಸ್ತಕದ ಹೆಸರಿನಲ್ಲಿ ತಪ್ಪಿಸುವುದು ಆರೈಕೆಯಾಗಲಾರದು.

ಮೇಷ್ಟರಿಗೆ ಈಗಲೇ ಹೊರೆ ಹೆಚ್ಚಾಗಿದೆ ಎಂಬುದೂ ನಿಜ. ಬಿಸಿಯೂಟ, ಗಣತಿ, ಚುನಾವಣೆ, ಆನ್‌ಲೈನ್ ದಾಖಲೆಗಳ ನಡುವೆ ಇನ್ನೊಂದು ಕೆಲಸ ಹೇರುವ ಮುನ್ನ ಇಲಾಖೆ ಯೋಚಿಸಬೇಕು. ಆದರೆ ಇದಕ್ಕೆ ಬೇಕಾದದ್ದು ದೊಡ್ಡ ಯೋಜನೆಯೇನಲ್ಲ. ತೀವ್ರ ಅಂಗವೈಕಲ್ಯವಿರುವ ಮಕ್ಕಳಿಗೆ ಸಮಗ್ರ ಶಿಕ್ಷಣದಡಿ ಮನೆಯಲ್ಲೇ ಕಲಿಸುವ ವ್ಯವಸ್ಥೆ ಈಗಾಗಲೇ ಇದೆ. ಅದನ್ನು ದೀರ್ಘ ಕಾಯಿಲೆಯ ಮಕ್ಕಳಿಗೂ ವಿಸ್ತರಿಸಿ, ಹಾಗೆ ಕಲಿತ ದಿನವನ್ನು ಹಾಜರಿ ಎಂದು ಬರೆದುಕೊಳ್ಳಲು ಒಂದು ಸುತ್ತೋಲೆ ಸಾಕು.

ಸುತ್ತೋಲೆ ಬರುವವರೆಗೆ ಕಾಯುವಂತಿಲ್ಲವಲ್ಲ. ಅದಕ್ಕೆ ಪೋಷಕರಲ್ಲಿ ಒಂದು ವಿನಂತಿ. ಮಗು ಆಸ್ಪತ್ರೆಗೆ ಸೇರಿದ ವಾರದಲ್ಲೇ ಮುಖ್ಯೋಪಾಧ್ಯಾಯರಿಗೆ ಬರವಣಿಗೆಯಲ್ಲಿ ತಿಳಿಸಿ, ಆಸ್ಪತ್ರೆಯ ಕಾಗದಗಳ ಪ್ರತಿ ಕೊಟ್ಟು, ತಲುಪಿದೆ ಎಂದು ಸಹಿ ಹಾಕಿಸಿಕೊಳ್ಳಿ. ಫೆಬ್ರವರಿಯಲ್ಲಿ ಪ್ರವೇಶಪತ್ರ ಬಾರದಿದ್ದಾಗ ಓಡಾಡುವುದಕ್ಕಿಂತ ಇದು ಸಾವಿರ ಪಾಲು ಮೇಲು. ಮುಖ್ಯೋಪಾಧ್ಯಾಯರಲ್ಲಿ ಇನ್ನೊಂದು ವಿನಂತಿ. ಇವತ್ತು ಶಾಲೆಗೆ ಹೋದಾಗ ಹತ್ತನೇ ತರಗತಿಯ ಹಾಜರಿ ಪುಸ್ತಕ ತರಿಸಿ, ಕೆಂಪು ಗುರುತು ಹೆಚ್ಚಿರುವ ಹೆಸರುಗಳನ್ನು ನೋಡಿ, ಆ ಮನೆಗಳಿಗೆ ಒಂದು ಫೋನು ಮಾಡಿ ಕೇಳಿ.