ನಾಲ್ಕನೇ ಕ್ಲಾಸು ಪಾಸಾದ ಮಗುವಿಗೆ ಏನು ಬರುತ್ತದೆ?

(ವಿದ್ಯಾರ್ಥಿ ನಿಲಯವೊಂದರಲ್ಲಿ ನಡೆದ ಅಧ್ಯಯನ ಶಿಬಿರದಲ್ಲಿ ಆಡಿದ ಮಾತು. ಬರೆದು ಕೊಡಿ ಎಂದು ಕೇಳಿದ್ದರಿಂದ ಬರೆದಿದ್ದೇನೆ.)



ಶಿಬಿರದ ಕರಪತ್ರದಲ್ಲಿ ನನ್ನ ಹೆಸರಿನ ಮುಂದೆ 'ಶಿಕ್ಷಣ ಮತ್ತು ಸಾಮಾಜಿಕ ಬದಲಾವಣೆ' ಅಂತ ಹಾಕಿದ್ದಾರೆ. ಈ ವಿಷಯದ ಮೇಲೆ ನಾನು ಇಪ್ಪತ್ತು ವರ್ಷದಿಂದ ಭಾಷಣ ಮಾಡಿದ್ದೇನೆ. ಚಪ್ಪಾಳೆಯೂ ಬಿದ್ದಿದೆ. ಇವತ್ತು ಅದನ್ನು ಬಿಟ್ಟು ಬೇರೆ ಮಾತಾಡ್ತೇನೆ. ವಿಶ್ವವಿದ್ಯಾಲಯ ಬೇಡ, ಮೀಸಲಾತಿ ಬೇಡ, ಐಎಎಸ್ ಬೇಡ. ಒಂದನೇ ಕ್ಲಾಸಿಂದ ಐದನೇ ಕ್ಲಾಸಿನ ತನಕ ನಮ್ಮ ಕೇರಿ ಮಕ್ಕಳು ಏನು ಕಲೀತಾರೆ, ಅದಷ್ಟೇ.

ಇದು ನನ್ನ ತಲೆಗೆ ಹತ್ತಿದ್ದು 2024ರ ಏಪ್ರಿಲ್‌ನಲ್ಲಿ. ಅಂಬೇಡ್ಕರ್ ಜಯಂತಿಗೆ ಊರಿಗೆ ಹೋಗಿದ್ದೆ. ಅಕ್ಕನ ಮಗಳು ನಾಲ್ಕನೇ ಕ್ಲಾಸು ಮುಗಿಸಿದ್ದಳು. ಪ್ರಗತಿ ಪತ್ರ ತಂದು ಕೊಟ್ಟಳು. ಕನ್ನಡ, ಇಂಗ್ಲಿಷ್, ಗಣಿತ, ಪರಿಸರ ಅಧ್ಯಯನ, ಎಲ್ಲದರಲ್ಲೂ ಒಳ್ಳೆ ಶ್ರೇಣಿ. ನನಗೆ ಖುಷಿಯಾಯಿತು. ಸಂಜೆ ಕಾರ್ಯಕ್ರಮದ ಕರಪತ್ರ ಕೈಗೆ ಕೊಟ್ಟು, 'ಓದವ್ವ, ನಿನ್ ಮಾವನ ಹೆಸರು ಎಲ್ಲೈತೆ ತೋರ್ಸು' ಅಂದೆ. ಮಗು ಕರಪತ್ರ ಹಿಡಕೊಂಡು ನಿಂತಿತು. ಬಹಳ ಹೊತ್ತು ನಿಂತಿತು. ಆಮೇಲೆ ಬಾಬಾಸಾಹೇಬರ ಚಿತ್ರದ ಮೇಲೆ ಬೆರಳಿಟ್ಟು 'ಅಂಬೇಡ್ಕರು' ಅಂದಳು. ಅಕ್ಷರ ನೋಡಿ ಅಲ್ಲ, ಚಿತ್ರ ನೋಡಿ.

ಆ ಸಂಜೆ ನಾನು ವೇದಿಕೆ ಮೇಲೆ ಕೂತು 'ಶಿಕ್ಷಣ, ಸಂಘಟನೆ, ಹೋರಾಟ' ಅಂತ ಮಾತಾಡಿದೆ. ಏನು ಮಾತಾಡಿದೆ ಅನ್ನೋದು ನನಗೀಗ ನೆನಪಿಲ್ಲ.

ಮಾರನೇ ದಿನ ಅವಳ ಚೀಲ ಬಿಚ್ಚಿ ಕೂತೆ. ನಾಲ್ಕು ವರ್ಷದಲ್ಲಿ ಶಾಲೆ ಅವಳಿಗೆ ಏನು ಕೊಟ್ಟಿದೆ, ಲೆಕ್ಕ ಹಾಕೋಣ ಅಂತ. 2009ರ ಶಿಕ್ಷಣ ಹಕ್ಕು ಕಾಯ್ದೆ, 2010ರ ಏಪ್ರಿಲ್ 1ರಿಂದ ಜಾರಿಗೆ ಬಂದದ್ದು, ಅದರ ಅನುಸೂಚಿಯಲ್ಲೇ ಬರೆದಿದೆ: ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ ನಡೆಯಬೇಕು. ಅಂದರೆ ದಿನಕ್ಕೆ 4 ಗಂಟೆ. ನಾಲ್ಕು ವರ್ಷಕ್ಕೆ 3,200 ಗಂಟೆ. ಸಂವಿಧಾನದ 45ನೇ ವಿಧಿ, ಹತ್ತು ವರ್ಷದೊಳಗೆ ಹದಿನಾಲ್ಕು ವಯಸ್ಸಿನ ತನಕ ಎಲ್ಲಾ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ಸರ್ಕಾರ ಶ್ರಮಿಸಬೇಕು ಅಂತ ಹೇಳಿತ್ತು. ಆ ಹತ್ತು ವರ್ಷ 1960ಕ್ಕೇ ಮುಗಿದಿತ್ತು. ಹಕ್ಕು ಬರೋದಕ್ಕೆ ಮತ್ತೆ 50 ವರ್ಷ ಹಿಡಿಯಿತು. ಬಂದ ಹಕ್ಕಿನ 3,200 ಗಂಟೆ ಈ ಮಗುವಿನ ಪಾಲಿಗೆ ಎಲ್ಲಿ ಹೋಯಿತು?

ಒಂದನೇ ಕ್ಲಾಸಿಗೆ ಅವಳು ಸೇರಿದ್ದು 2020ರಲ್ಲಿ. ಕೊರೊನಾ. ಶಾಲೆಗೆ ಬೀಗ. ಆ ವರ್ಷ 'ವಿದ್ಯಾಗಮ' ಅಂತ ಮಾಡಿದರು, ಮೇಷ್ಟ್ರುಗಳೇ ಊರೂರಿಗೆ ಬಂದು ಮರದ ಕೆಳಗೆ, ಜಗಲಿ ಮೇಲೆ ಮಕ್ಕಳನ್ನು ಕೂರಿಸಿ ಹೇಳಿಕೊಡೋದು. ಒಳ್ಳೇ ಯೋಚನೆಯೇ. ಆದರೆ ನಮ್ಮೂರಲ್ಲಿ ಜಗಲಿ ಅಂದರೆ ದೇವಸ್ಥಾನದ ಜಗಲಿ. ನಮ್ಮ ಮಕ್ಕಳು ಜಗಲಿ ಕೆಳಗೆ ನಿಂತು ನೋಡಿ ಬಂದವು. ಯಾರೂ ಹೋಗು ಅನ್ನಲಿಲ್ಲ, ಯಾರೂ ಬಾ ಅನ್ನಲಿಲ್ಲ. ಅದೂ ಅಕ್ಟೋಬರ್‌ಗೆ ನಿಂತುಹೋಯಿತು. ಆನ್‌ಲೈನ್ ಪಾಠಕ್ಕೆ ಮನೆಯಲ್ಲಿದ್ದದ್ದು ಗುಂಡಿ ಫೋನು. ಒಂದರಿಂದ ಐದನೇ ತರಗತಿ ಮತ್ತೆ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಅಷ್ಟೊತ್ತಿಗೆ ಇವಳು ಎರಡನೇ ಕ್ಲಾಸು. ಅ ಆ ಇ ಈ ಕಲಿಯದೇ ಎರಡನೇ ಕ್ಲಾಸು. 2022-23ರಲ್ಲಿ 'ಕಲಿಕಾ ಚೇತರಿಕೆ' ಅಂತ ಪುಸ್ತಕ ಕೊಟ್ಟರು. ಚೀಲದಲ್ಲಿ ಅದೂ ಇತ್ತು. ಅರ್ಧ ಹಾಳೆ ಖಾಲಿ.

ನಲಿಕಲಿ ಗೊತ್ತಲ್ಲ ನಿಮಗೆ. ನಿಮ್ಮಲ್ಲಿ ಬಹಳ ಜನ ಅದರಲ್ಲೇ ಓದಿದವರು. 1995ರಲ್ಲಿ ಹೆಗ್ಗಡದೇವನ ಕೋಟೆ ತಾಲ್ಲೂಕಿನಲ್ಲಿ ಶುರುವಾಗಿ, 2009-10ರ ಹೊತ್ತಿಗೆ ನಾಡಿನ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಬೆತ್ತ ಇಲ್ಲ, ಬಾಯಿಪಾಠ ಇಲ್ಲ, ಕಾರ್ಡು, ಹಾಡು, ಆಟ. ಪದ್ಧತಿ ಒಳ್ಳೆಯದು, ನಾನು ಬಯ್ಯೋದಿಲ್ಲ. ಅದರಲ್ಲಿ ಅಕ್ಷರ ಶುರುವಾಗೋದು ಅ ಆ ಇ ಈ ಇಂದ ಅಲ್ಲ. ರ, ಗ, ಸ, ದ, ಅ. ಬರೆಯೋದಕ್ಕೆ ಸುಲಭ, ಐದೇ ಅಕ್ಷರಕ್ಕೆ ಪದ ಹುಟ್ಟುತ್ತದೆ. ಸರ, ರಸ, ಗರಗಸ. ಅರಸ, ಅಗಸ. ನೋಡ್ರಪ್ಪ, ಈ ದೇಶದಲ್ಲಿ ಐದು ಅಕ್ಷರ ಜೋಡಿಸಿದರೆ ಒಬ್ಬ ರಾಜ, ಒಬ್ಬ ಬಟ್ಟೆ ಒಗೆಯುವವನು ಎದ್ದು ಬರ್ತಾರೆ! ಪುಸ್ತಕ ಮಾಡಿದವರು ಬೇಕಂತ ಮಾಡಿದ್ದಲ್ಲ, ಭಾಷೆಯೇ ಹಂಗಿದೆ. ಕಲಿಕೆಯ ಮೆಟ್ಟಿಲುಗಳಿಗೆ ಅದರಲ್ಲಿ 'ಮೈಲಿಗಲ್ಲು' ಅಂತ ಹೆಸರು. ನಮ್ಮ ಹುಡುಗರು ಅದನ್ನ ಮೈಲಿಗೆ ಕಲ್ಲು ಅಂತ ಓದಿಕೊಂಡು ನಗ್ತಿದ್ರಂತೆ.

ಮಕ್ಕಳನ್ನು ಗುಂಪು ಗುಂಪಾಗಿ ಕೂರಿಸ್ತಾರೆ, ಒಂದೊಂದು ಗುಂಪಿಗೆ ಒಂದೊಂದು 'ತಟ್ಟೆ'. ಮೊದಲನೇ ತಟ್ಟೆಯ ಜೊತೆ ಮೇಷ್ಟ್ರು ಕೂರ್ತಾರೆ. ಮುಂದಿನ ತಟ್ಟೆಗಳಲ್ಲಿ ಮಕ್ಕಳು ಮಕ್ಕಳಿಂದ ಕಲೀಬೇಕು, ಕೊನೆಯದರಲ್ಲಿ ತಮಗೆ ತಾವೇ. ಮನೆಯಲ್ಲಿ ಓದಿಸೋರು ಇರುವ ಮಗುವಿಗೆ ಇದು ಚೆನ್ನ. ಒಂದು ವರ್ಷ ಶಾಲೆಯೇ ಕಾಣದ ಮಗು ತನಗೆ ತಾನೇ ಏನು ಕಲಿಯುತ್ತದೆ? 'ನಿಮ್ ಮಿಸ್ಸು ನಿನ್ ಪಕ್ಕ ಕೂರ್ತಿದ್ರಾ?' ಅಂದೆ. 'ನಾವು ಬಾಗಿಲ ತಾವ ಕೂರ್ತಿದ್ವಿ ಮಾವ' ಅಂದಳು.

ಇನ್ನೊಂದು ಸಣ್ಣ ವಿಷಯ, ನನಗೆ ದೊಡ್ಡದು. ನಮ್ಮ ಕಡೆ ಹಕಾರ ನಾಲಿಗೆ ಮೇಲೆ ನಿಲ್ಲೋದಿಲ್ಲ. ಹಾಲು ಆಲು, ಹಸು ಅಸು, ಹೆಸರು ಎಸ್ರು. ಇದು ನಮ್ಮ ಕೇರಿಯದು ಮಾತ್ರ ಅಲ್ಲ, ಮೈಸೂರು ಸೀಮೆಯ ರೈತಾಪಿ ಜನರೆಲ್ಲರದ್ದು. ಮಗು 'ಆಲು' ಅಂತ ಬರೆಯಿತು. ಅವಳ ಮಟ್ಟಿಗೆ ಸರಿಯಾಗೇ ಬರೆದಿದೆ, ಕಿವಿಗೆ ಕೇಳಿದ್ದನ್ನ ಬರೆದಿದೆ. ಪುಸ್ತಕದಲ್ಲಿ ಕೆಂಪು ಗೀಟು. ಯಾಕೆ ತಪ್ಪು ಅಂತ ಯಾರೂ ಹೇಳಿಲ್ಲ. ಮನೆಯಲ್ಲಿ ಹೀಗೆ ಅಂತೀವಿ, ಪುಸ್ತಕದಲ್ಲಿ ಹೀಗೆ ಬರೀತೀವಿ, ಎರಡೂ ಕನ್ನಡವೇ ಅಂತ ಐದು ನಿಮಿಷ ಹೇಳಿದರೆ ಮುಗೀತಿತ್ತು. ಹೇಳದೇ ಹೋದರೆ ಮಗು ಏನು ಕಲಿಯುತ್ತದೆ? ನಮ್ಮವ್ವನ ಬಾಯೇ ತಪ್ಪು ಅಂತ ಕಲಿಯುತ್ತದೆ. ಆಮೇಲೆ ಬಾಯಿ ಬಿಡೋದೇ ಇಲ್ಲ.

ಲೆಕ್ಕದಲ್ಲಿ ಬೇರೆ ಥರ. ಸ್ಥಾನಬೆಲೆ ಕೇಳಿದೆ, 55ರಲ್ಲಿ ಎರಡು ಐದು ಇವೆಯಲ್ಲ, ಎರಡಕ್ಕೂ ಒಂದೇ ಬೆಲೆಯಾ ಅಂತ. ಗೊತ್ತಿಲ್ಲ. ಆದರೆ ಅಕ್ಕ ಅಂಗಡಿಗೆ ಕಳಿಸಿದರೆ ಇನ್ನೂರು ರೂಪಾಯಿಗೆ ಚಿಲ್ಲರೆ ಒಂದು ಪೈಸೆ ತಪ್ಪದೆ ತರ್ತಾಳೆ. ಅಂದರೆ ಲೆಕ್ಕ ಬರುತ್ತೆ, ಹಾಳೆ ಮೇಲಿನ ಲೆಕ್ಕ ಬರೋದಿಲ್ಲ. ಎರಡನ್ನೂ ಯಾರೂ ಗಂಟು ಹಾಕಿಲ್ಲ. ಅಕ್ಕ ಸಂಘದಲ್ಲಿ 30,000 ಸಾಲ ತೆಗೆದಿದ್ದಳು, ವಾರಕ್ಕೆ 700ರ ಕಂತು, 50 ವಾರ. ನಾನು ಅದನ್ನೇ ಹಾಕಿಕೊಟ್ಟೆ. ಸೊನ್ನೆಗಳನ್ನ ಪಕ್ಕಕ್ಕಿಟ್ಟು ಏಳೈದ್ಲಿ ಮೂವತ್ತೈದು, ಸೊನ್ನೆ ವಾಪಸ್ ಹಾಕು, 35,000. 'ಐದು ಸಾವ್ರ ಜಾಸ್ತಿ ಕಟ್ತೀಯಾ ಕಣವ್ವ' ಅಂತ ಮಗು ಅವ್ವನಿಗೆ ಹೇಳಿತು. ಅಕ್ಕ ಒಲೆ ಮುಂದಿನಿಂದ ಎದ್ದು ಬಂದು ಹಾಳೆ ನೋಡಿದಳು. ಅವಳಿಗೆ ಓದೋಕೆ ಬರೋದಿಲ್ಲ, ಆದರೂ ನೋಡಿದಳು.

ಪರಿಸರ ಅಧ್ಯಯನ. ನಮ್ಮ ಮನೆ, ನಮ್ಮ ಆಹಾರ, ನೀರು, ನಮ್ಮ ಊರು. ಆಹಾರದ ಪಾಠ ಮಾಡುವಾಗ ನಿನ್ನೆ ರಾತ್ರಿ ಏನು ಊಟ ಅಂತ ಎಲ್ಲರನ್ನೂ ಕೇಳಿದರಂತೆ. ಇವಳು ಬಾಡು ಅಂದಳಂತೆ. ಯಾವ ಬಾಡು ಅಂದರಂತೆ. ಅಲ್ಲಿಗೆ ಮಗು ಸುಮ್ಮನಾಯಿತು. ಒಂಬತ್ತು ವರ್ಷಕ್ಕೇ ಆ ಮೌನ ಅವಳಿಗೆ ಬಂದಿದೆ. ಅದಕ್ಕೆ ಯಾವ ಪುಸ್ತಕವೂ ಬೇಕಾಗಲಿಲ್ಲ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಕಡೆಯ ಜಿಲ್ಲೆಗಳಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಕೊಟ್ಟಾಗ ಕೆಲವು ಮಠಾಧೀಶರು ಎದ್ದು ನಿಂತರಲ್ಲ, ಆಗ ಮಕ್ಕಳೇ ಮುಂದೆ ಬಂದು ನಮಗೆ ಮೊಟ್ಟೆ ಬೇಕು ಅಂದವು. ಅಂಥ ಮಕ್ಕಳೂ ಇದ್ದಾರೆ. ಎಲ್ಲರೂ ಇವಳ ಥರ ಸುಮ್ಮನಾಗೋದಿಲ್ಲ.

ನೀರಿನ ಪಾಠದಲ್ಲಿ ನೀರಿನ ಮೂಲಗಳು ಅಂತ ಕೆರೆ, ಬಾವಿ, ನದಿ ಬರೆದಿದ್ದಾಳೆ. ಯಾರು ಯಾವ ಬಾವಿಯಿಂದ ಅನ್ನೋದು ಬರೆದಿಲ್ಲ. ಬಾಬಾಸಾಹೇಬರು ಚಿಕ್ಕವರಿದ್ದಾಗ ಶಾಲೆಯಲ್ಲಿ ಜವಾನ ಬಂದು ನಲ್ಲಿ ತಿರುಗಿಸಿದರೆ ನೀರು, ಜವಾನ ಇಲ್ಲದಿದ್ದರೆ ನೀರಿಲ್ಲ. ಕೂರೋದಕ್ಕೆ ಗೋಣಿತಟ್ಟು ಮನೆಯಿಂದ ತರಬೇಕು, ಸಂಜೆ ಅದನ್ನ ಮನೆಗೇ ಒಯ್ಯಬೇಕು, ಯಾಕಂದ್ರೆ ಕಸ ಗುಡಿಸುವ ಆಳು ಕೂಡಾ ಅದನ್ನ ಮುಟ್ಟೋದಿಲ್ಲ. ಇದು ಅವರೇ ಬರೆದಿಟ್ಟಿದ್ದು. ಅದೂ ಒಂದು ಪಾಠವೇ ಅಲ್ಲವೇ? ವೇಳಾಪಟ್ಟಿಯಲ್ಲಿ ಇರೋದಿಲ್ಲ ಅಷ್ಟೇ. ಎನ್‌ಸಿಇಆರ್‌ಟಿಯ ಐದನೇ ತರಗತಿಯ ಹಳೆಯ ಪರಿಸರ ಪುಸ್ತಕದಲ್ಲಿ 'ಈ ಕೆಲಸ ಯಾರು ಮಾಡಬೇಕು' ಅಂತ ಕೇಳುವ ಒಂದು ಪಾಠ ಇತ್ತು, ಕಕ್ಕಸ್ಸು ಗುಡಿಸುವವರ ಕುರಿತು. ಅಂಥ ಪಾಠ ಬರೆದವರಿಗೆ ನಮಸ್ಕಾರ. ಆದರೆ 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ನಮ್ಮ ಮಕ್ಕಳನ್ನೇ ಮಲದ ಗುಂಡಿಗೆ ಇಳಿಸಿದ ಸುದ್ದಿ ನೀವೆಲ್ಲ ಓದಿದ್ದೀರಿ. ಆ ಪ್ರಶ್ನೆಗೆ ಅಲ್ಲಿ ಉತ್ತರ ಕೊಟ್ಟುಬಿಟ್ಟಿದ್ದರು. ನಾನೂ ಮೂರನೇ ಕ್ಲಾಸಿನಲ್ಲಿ ಪೊರಕೆ ಹಿಡಿದವನೇ. ಕೈ ಎತ್ತಿ ಅಂದ್ರೆ ಈ ಹಾಲಿನಲ್ಲಿ ಅರ್ಧ ಕೈ ಮೇಲೇಳ್ತವೆ.

ಈಗ ಹಳೆಯ ಮಾತು ಸ್ವಲ್ಪ. 1856ರಲ್ಲಿ ನಮ್ಮ ಧಾರವಾಡದ ಸರ್ಕಾರಿ ಶಾಲೆಗೆ ಒಬ್ಬ ಮಹಾರ್ ಹುಡುಗ ಅರ್ಜಿ ಹಾಕಿದ. ಬೊಂಬಾಯಿ ಸರ್ಕಾರ ಸೇರಿಸಿಕೊಳ್ಳಲಿಲ್ಲ, ಒಬ್ಬನನ್ನು ಸೇರಿಸಿದರೆ ಮಿಕ್ಕವರೆಲ್ಲ ಬಿಟ್ಟುಹೋಗ್ತಾರೆ ಅಂತ. ಅದಕ್ಕೆ ಒಂದು ವರ್ಷ ಮುಂಚೆ, 1855ರಲ್ಲಿ, ಪುಣೆಯ ಫುಲೆಯವರ ಶಾಲೆಯಲ್ಲಿ ಕಲಿತ ಮಾಂಗ್ ಜಾತಿಯ ಬಾಲಕಿ ಮುಕ್ತಾಬಾಯಿ ಒಂದು ಪ್ರಬಂಧ ಬರೆದಳು, 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾಯಿತು. ವೇದ ಬ್ರಾಹ್ಮಣರದ್ದು ಅಂತ ಅವರೇ ಹೇಳಿದ ಮೇಲೆ ನಮಗೆ ಧರ್ಮದ ಪುಸ್ತಕ ಯಾವುದಿದೆ ಅಂತ ಆ ಹುಡುಗಿ ಕೇಳಿದ್ದಳು. ಅವಳು ಶಾಲೆಯಲ್ಲಿ ಕಲಿತದ್ದು ಕೆಲವೇ ವರ್ಷ.

ಅದೇ ಜ್ಯೋತಿಬಾ ಫುಲೆ 1882ರಲ್ಲಿ ಹಂಟರ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಪ್ರಾಥಮಿಕ ಶಾಲೆಯಲ್ಲಿ ಏನು ಕಲಿಸಬೇಕು ಅಂತ ಪಟ್ಟಿಯನ್ನೇ ಕೊಟ್ಟರು. ಮೋಡಿ ಮತ್ತು ಬಾಲಬೋಧ ಲಿಪಿಯಲ್ಲಿ ಓದು ಬರಹ, ಲೆಕ್ಕಪತ್ರ, ಸ್ವಲ್ಪ ಚರಿತ್ರೆ, ಭೂಗೋಳ, ವ್ಯಾಕರಣ, ಬೇಸಾಯದ ಮೊದಲ ಪಾಠ, ನಡತೆ, ಆರೋಗ್ಯ. ಮೋಡಿ ಯಾಕೆ? ಆ ಕಾಲದ ಸಾಲಪತ್ರ, ಜಮೀನಿನ ಕಾಗದ ಎಲ್ಲ ಮೋಡಿಯಲ್ಲಿ ಇರ್ತಿದ್ದವು. ಓದಲು ಬಾರದ ರೈತ ಕುಲಕರ್ಣಿ ಹೇಳಿದ ಕಡೆ ಹೆಬ್ಬೆಟ್ಟು ಒತ್ತಬೇಕು. ಮೇಷ್ಟ್ರುಗಳು ಆದಷ್ಟು ಬೇಸಾಯಗಾರರ ಕುಲದಿಂದಲೇ ಬರಲಿ, ಮಕ್ಕಳ ಜೊತೆ ಬೆರೆಯುವವರಿರಲಿ ಅಂತಲೂ ಅವರು ಹೇಳಿದ್ದರು. ಇದನ್ನ ಓದಿದ ಮೇಲೆ ನನಗೆ ಅಕ್ಕನ ಕಂತಿನ ಲೆಕ್ಕ ದೊಡ್ಡದಾಗಿ ಕಂಡಿತು.

ಮೇಷ್ಟ್ರುಗಳನ್ನೇ ಬಯ್ದು ಕೂರೋದಕ್ಕೆ ನಾನು ಬಂದಿಲ್ಲ. ಕಾನೂನು 30 ಮಕ್ಕಳಿಗೆ ಒಬ್ಬರು ಅನ್ನುತ್ತೆ. ನಮ್ಮೂರ ಶಾಲೆಯಲ್ಲಿ ಐದು ಕ್ಲಾಸಿಗೆ ಇಬ್ಬರು, ಅವರಲ್ಲಿ ಒಬ್ಬರು ಬಿಸಿಯೂಟದ ಲೆಕ್ಕ, ಗಣತಿ, ಚುನಾವಣೆ ಅಂತ ಅರ್ಧ ದಿನ ಹೊರಗೆ. ಕೆಲವರು, ಪಾಸು ಮಾಡ್ತಾ ಹೋಗಿದ್ದರಿಂದ ಹೀಗಾಯಿತು, ಫೇಲು ಮಾಡಬೇಕು ಅಂತಾರೆ. ನಾನು ಒಪ್ಪೋದಿಲ್ಲ. ಫೇಲು ಮಾಡಿ ಮಾಡಿಯೇ ನಮ್ಮ ಅಪ್ಪಂದಿರನ್ನ ದನ ಕಾಯಲು ಕಳಿಸಿದ್ದು. ಓದು ಬಾರದ ಮಗುವಿಗೆ ಓದು ಕಲಿಸಬೇಕೇ ಹೊರತು ಅದೇ ಬೆಂಚಿನ ಮೇಲೆ ಇನ್ನೊಂದು ವರ್ಷ ಕೂರಿಸೋದಲ್ಲ. ಅಕ್ಕನಿಗೂ ಅದನ್ನೇ ಹೇಳಬೇಕಾಯಿತು. 'ಓದು ಬರ್ದೆ ಐದ್ನೆ ಕ್ಲಾಸಿಗೆ ಯಾಕ್ ಕಳಿಸ್ಲಿ, ಕುರಿ ಆದ್ರೂ ಮೇಯಿಸ್ಲಿ ಬುಡಪ್ಪ' ಅಂದಿದ್ದಳು. ಒಂದು ಬೇಸಿಗೆ ರಜ ಕೊಡಕ್ಕ ಅಂತ ಕೇಳಿಕೊಂಡೆ.

ಆ ಬೇಸಿಗೆಯಲ್ಲಿ ನಮ್ಮೂರಿನ ಒಬ್ಬ ಹಾಸ್ಟೆಲ್ ಹುಡುಗ, ಬಿ.ಎ. ಎರಡನೇ ವರ್ಷದವನು, ಕೇರಿಯ ಹನ್ನೊಂದು ಮಕ್ಕಳನ್ನ ಸಂಜೆ ಕೂರಿಸಿಕೊಂಡ. ಹೊಸ ಪದ್ಧತಿ ಏನಿಲ್ಲ. ಮಕ್ಕಳು ಹೇಳಿದ ಮಾತನ್ನ ಹಾಗೆ ಹಾಗೇ ಬೋರ್ಡಿನ ಮೇಲೆ ಬರೆಯೋದು, ಅದನ್ನೇ ಓದಿಸೋದು. ಮೊದಲು ತಮ್ಮ ಹೆಸರು, ಅವ್ವನ ಹೆಸರು, ಕುರಿಯ ಹೆಸರು. ಲೆಕ್ಕಕ್ಕೆ ಕೂಲಿ ಚೀಟಿ, ರೇಷನ್ ಕಾರ್ಡು, ಕಂತಿನ ಪುಸ್ತಕ. ಎರಡು ಮಕ್ಕಳು ನಡುವೆ ಬಿಟ್ಟುಹೋದವು, ಅದನ್ನೂ ಹೇಳಬೇಕು. ನಾನು ವಾರಕ್ಕೊಮ್ಮೆ ಹೋಗ್ತಿದ್ದೆ. ಕೆಲವು ವಾರ ಸಭೆ ಅಂತ ತಪ್ಪಿಸಿಕೊಂಡೆ.

ನೀವು ಈಗ ರಜಕ್ಕೆ ಊರಿಗೆ ಹೋಗ್ತೀರಿ. ಒಂದು ಕೆಲಸ ಮಾಡಿ. ನಿಮ್ಮ ಕೇರಿಯಲ್ಲಿ ನಾಲ್ಕು, ಐದನೇ ಕ್ಲಾಸಿನ ಮಕ್ಕಳ ಚೀಲ ಬಿಚ್ಚಿಸಿ. ಪ್ರಗತಿ ಪತ್ರ ನೋಡಬೇಡಿ. ಎರಡನೇ ಕ್ಲಾಸಿನ ಪಾಠ ಒಂದು ಓದಿಸಿ, ಒಂದು ಕಳೆಯುವ ಲೆಕ್ಕ ಕೊಡಿ, ಶಾಲೆಯಲ್ಲಿ ಎಲ್ಲಿ ಕೂರ್ತೀಯ, ಯಾರು ಗುಡಿಸ್ತಾರೆ, ಊಟಕ್ಕೆ ಯಾರ ಪಕ್ಕ ಅಂತ ಕೇಳಿ. ಬರೆದುಕೊಂಡು ಬನ್ನಿ. ರಜ ಮುಗಿದ ಮೊದಲನೇ ಭಾನುವಾರ ಇದೇ ಹಾಲಿನಲ್ಲಿ ಕೂತು ಎಲ್ಲವನ್ನೂ ಓದೋಣ. ಆಮೇಲೆ ಅದನ್ನ ಹಿಡಕೊಂಡು ಬಿಇಓ ಆಫೀಸಿಗೆ ಹೋಗೋದಾ, ಶಾಲೆಯ ಎಸ್‌ಡಿಎಂಸಿ ಸಭೆಗೆ ಹೋಗೋದಾ ಅಂತ ತೀರ್ಮಾನ ಮಾಡೋಣ. ಎಸ್‌ಡಿಎಂಸಿಯಲ್ಲಿ ಹೆಚ್ಚಿನ ಸದಸ್ಯರು ಪೋಷಕರೇ. ನಿಮ್ಮ ಅಪ್ಪ ಅವ್ವ ಅದರಲ್ಲಿ ಇದ್ದಾರಾ, ಇದ್ದರೆ ಸಭೆಗೆ ಕರೀತಾರಾ, ಇಲ್ಲಾ ಮನೆಗೇ ಬಂದು ಸಹಿ ಹಾಕಿಸಿಕೊಂಡು ಹೋಗ್ತಾರಾ, ಅದನ್ನೂ ವಿಚಾರಿಸಿ ಬನ್ನಿ.

ಅಕ್ಕನ ಮಗಳ ಸಂಗತಿ ಹೇಳಿ ಕೂರ್ತೇನೆ. ಐದನೇ ಕ್ಲಾಸಿನ ನಡುವೆ ನನಗೊಂದು ಕಾಗದ ಬರೆದಳು, ನೋಟ್‌ಪುಸ್ತಕದ ಹಾಳೆ ಕಿತ್ತು. ನಾಲ್ಕು ಸಾಲು. ಮಾವ ಚೆನ್ನಾಗಿದ್ದೀಯಾ, ನಮ್ಮ ಕುರಿ ಮರಿ ಹಾಕಿತು, ಸಾಲ ಇನ್ನು ಆರು ವಾರ ಇದೆ, ಆಲು ಅಂತ ಬರೆದರೆ ತಪ್ಪು ಅಂತ ಗೊತ್ತು ಆದರೂ ಬರೆದಿದ್ದೀನಿ. ಆ ಹಾಳೆ ಇಲ್ಲೇ ಜೇಬಿನಲ್ಲಿದೆ, ಊಟದ ಹೊತ್ತಿಗೆ ಬೇಕಾದವರು ನೋಡಿ.