ಕರಿ ಪರದೆಯ ಮೇಲೂ ಕನ್ನಡದ ಕಾವಲು ಬೇಕು

(ಕೆಂಗೇರಿ ಉಪನಗರದಲ್ಲಿ ಸೇರಿದ್ದ ಕನ್ನಡ ಯುವಕ ಯುವತಿಯರ ಸಭೆಯಲ್ಲಿ ಆಡಿದ ಮಾತು)



ನಿಮ್ಮ ಊರು ಬದಲಾಗಿದೆ. ಮೈಸೂರು ರಸ್ತೆಯಲ್ಲಿ ಗ್ಲೋಬಲ್ ವಿಲೇಜ್ ಟೆಕ್ ಪಾರ್ಕ್ ಎದ್ದು ನಿಂತಿದೆ. 2021ರ ಆಗಸ್ಟ್‌ನಲ್ಲಿ ಮೆಟ್ರೊ ಕೆಂಗೇರಿಗೆ ಬಂತು, 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟಕ್ಕೂ ಹೋಯಿತು. ಬೆಳಿಗ್ಗೆ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ರೈಲು ಹತ್ತುವವರಲ್ಲಿ ನಮ್ಮ ಮಕ್ಕಳೂ ಇದ್ದಾರೆ. ಏನು ಕೆಲಸ ಎಂದು ಕೇಳಿದರೆ ಕೆಲವರು "ಬರೀ ಟೆಸ್ಟಿಂಗ್ ಅಣ್ಣ" ಎಂದು ತಲೆ ತಗ್ಗಿಸುತ್ತಾರೆ. ತಲೆ ತಗ್ಗಿಸಬೇಡಿ! ಇವತ್ತು ಕನ್ನಡಕ್ಕೆ ಬೇಕಾಗಿರುವುದು ಆ ವಿದ್ಯೆಯೇ.

ಗೋಕಾಕ್ ಚಳವಳಿಯಲ್ಲಿ ನಮ್ಮ ಹಿರಿಯರು ಬೀದಿಗಿಳಿದು ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿದರು. 1986ರ ಸರೋಜಿನಿ ಮಹಿಷಿ ವರದಿ ಕನ್ನಡಿಗರಿಗೆ ಉದ್ಯೋಗ ಕೇಳಿತು. ಅಂಗಡಿಯ ಬೋರ್ಡಿನಲ್ಲಿ ಕನ್ನಡ ಇಲ್ಲದಿದ್ದರೆ ಅಂಗಡಿಯವನನ್ನು ಕೇಳಬಹುದು. ಆದರೆ ನಿಮ್ಮ ಅಂಗೈಯ ಮೊಬೈಲಿನಲ್ಲಿ ಕನ್ನಡದ ಒತ್ತಕ್ಷರ ಒಡೆದು ಬಂದರೆ ಯಾರ ಬಾಗಿಲಲ್ಲಿ ಧರಣಿ ಕೂರುತ್ತೀರಿ?

ಎರಡು ಪದ ತೆಗೆದುಕೊಳ್ಳಿ: 'ಸೂರ್ಯ' ಮತ್ತು 'ರ‍್ಯಾಂಕ್'. ಎರಡರಲ್ಲೂ ರಕಾರ ಮೊದಲು, ಯಕಾರ ಆಮೇಲೆ. ಮೊದಲನೆಯದರಲ್ಲಿ ರಕಾರ ಅರ್ಕಾವತ್ತಾಗಿ ಹಿಂದಕ್ಕೆ ಹೋಗುತ್ತದೆ. ಎರಡನೆಯದರಲ್ಲಿ ರಕಾರ ತನ್ನ ಜಾಗದಲ್ಲೇ ನಿಂತು, ಯಕಾರ ಕೆಳಗೆ ಒತ್ತಾಗುತ್ತದೆ. ನಮ್ಮ ಕಣ್ಣಿಗೆ ಇದು ಸಹಜ, ಯಂತ್ರಕ್ಕೆ ಹೇಳಿಕೊಡಬೇಕು. ಅದಕ್ಕೇ ಯುನಿಕೋಡ್‌ನಲ್ಲಿ ನಿಯಮವಿದೆ: 'ರ‍್ಯಾಂಕ್' ಬರೆಯಲು ರಕಾರಕ್ಕೂ ಹಲಂತಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆ ಇಡಬೇಕು. ಕನ್ನಡ 1991ರ ಮೊದಲ ಆವೃತ್ತಿಯಿಂದಲೂ ಯುನಿಕೋಡ್‌ನಲ್ಲಿದೆ. ಆದರೆ ಸಂಕೇತ ಇದ್ದ ಮಾತ್ರಕ್ಕೆ ಅಕ್ಷರ ಸರಿಯಾಗಿ ಕೂರುವುದಿಲ್ಲ. ಕೂರಿಸುವ ತಂತ್ರಾಂಶ ಬೇರೆಯೇ ಇದೆ.

ಅದರ ಹೆಸರು ಹರ್ಫ್‌ಬಜ್. ಇರಾನ್ ಮೂಲದ ಬೆಹದಾದ್ ಎಸ್ಫಹ್‌ಬೋದ್ ಮುಂದೆ ನಿಂತು ಬೆಳೆಸಿದ ಮುಕ್ತ ತಂತ್ರಾಂಶ ಅದು. ಆಂಡ್ರಾಯ್ಡ್ ಫೋನು, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್, ಎಲ್ಲವೂ ಅಕ್ಷರ ಜೋಡಿಸಲು ಅದನ್ನೇ ನಂಬಿವೆ. ನೀವು ದಿನವೂ ಓದುವ ಕನ್ನಡದಲ್ಲಿ ಬಹುಪಾಲು ಅದರ ಕೈದಾಟಿಯೇ ಬರುತ್ತದೆ. ಅಲ್ಲಿ ಯಾವುದೋ ದೇಶದ ಯಾವುದೋ ಹುಡುಗ ಬೇರೆ ಲಿಪಿಗಾಗಿ ಒಂದು ಸಾಲು ತಿದ್ದಿದರೆ ನಮ್ಮ ಒತ್ತಕ್ಷರ ಕೆಡಬಹುದು. ಅವನಿಗೆ ಕನ್ನಡ ಬಾರದು, ಕೆಟ್ಟದ್ದು ಅವನ ಕಣ್ಣಿಗೆ ಬೀಳದು. ಹಾಗಾದರೆ ಕಾಯುವವರು ಯಾರು?

ಪರೀಕ್ಷೆಗಳು ಕಾಯುತ್ತವೆ ಗೆಳೆಯರೆ! ಹರ್ಫ್‌ಬಜ್ ಜೊತೆಯಲ್ಲೇ ಪರೀಕ್ಷೆಯ ಕಡತಗಳಿವೆ. ಒಂದೊಂದು ಸಾಲಿನಲ್ಲೂ ನಾಲ್ಕು ಭಾಗ: ಯಾವ ಫಾಂಟು, ಯಾವ ಆಯ್ಕೆಗಳು, ಯಾವ ಅಕ್ಷರ ಸಂಕೇತಗಳು, ಕೊನೆಗೆ ಬರಬೇಕಾದ ಸರಿಯುತ್ತರ. ಯಾರೇ ತಿದ್ದಲಿ, ಯಂತ್ರ ಎಲ್ಲ ಸಾಲುಗಳನ್ನೂ ಮತ್ತೆ ಓಡಿಸುತ್ತದೆ. ಉತ್ತರ ತಾಳೆಯಾಗದಿದ್ದರೆ ಸೋಲು ಎಂದು ಕೂಗುತ್ತದೆ.

2012ರಲ್ಲಿ ಬೆಹದಾದ್ ಏನು ಮಾಡಿದರು ಕೇಳಿ. ವಿಕಿಪೀಡಿಯದಿಂದ ಭಾರತೀಯ ಭಾಷೆಗಳ ಪದಗಳನ್ನು ಹೆಕ್ಕಿ, ಹರ್ಫ್‌ಬಜ್ ಕೊಟ್ಟ ಉತ್ತರವನ್ನು ಮೈಕ್ರೋಸಾಫ್ಟ್‌ನ ಯುನಿಸ್ಕ್ರೈಬ್ ಕೊಟ್ಟ ಉತ್ತರದ ಜೊತೆ ತಾಳೆ ನೋಡಿದರು. ಕನ್ನಡದ್ದೇ 9 ಲಕ್ಷ 50 ಸಾವಿರಕ್ಕೂ ಹೆಚ್ಚು ಪದ! ತಿದ್ದಿ ತಿದ್ದಿ, ತಾಳೆಯಾಗದ ಪದಗಳನ್ನು ಸಾವಿರಕ್ಕಿಂತ ಕೆಳಗೆ ಇಳಿಸಿದರು. ಇಷ್ಟು ಪದಗಳನ್ನು ಕಣ್ಣಿನಲ್ಲಿ ನೋಡಿ ಮುಗಿಸಲು ಯಾರಿಂದ ಸಾಧ್ಯ? 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಬಿಡಿಗಾಸೂ ಪಡೆಯದೆ ಬರೆದ ಕನ್ನಡಿಗರ ದುಡಿಮೆ ಹೀಗೆ ನಮ್ಮ ಅಕ್ಷರಕ್ಕೆ ಬೇಲಿಯಾಯಿತು.

ಆದರೆ ಒಂದು ಮಾತು ನೆನಪಿರಲಿ. ಆ ತಾಳೆಯಲ್ಲಿ ಅಳತೆಗೋಲು ಮೈಕ್ರೋಸಾಫ್ಟ್‌ನದು. ಅಳತೆಗೋಲೇ ತಪ್ಪಿದ್ದರೆ? 'ಇದು ಸರಿ, ಇದು ತಪ್ಪು' ಎಂದು ಹೇಳುವ ಕೊನೆಯ ಹಕ್ಕು ಕನ್ನಡ ಓದುವವನದು. ಆ ಹಕ್ಕನ್ನು ಚಲಾಯಿಸದೆ ಕೂತರೆ ಬೇರೆಯವರು ನಮ್ಮ ಪರವಾಗಿ ಚಲಾಯಿಸುತ್ತಾರೆ.

ಪರೀಕ್ಷೆ ಇಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ನೆರೆಯ ತೆಲುಗೇ ಸಾಕ್ಷಿ. 2018ರ ಫೆಬ್ರವರಿಯಲ್ಲಿ ತೆಲುಗಿನ ಒಂದು ಜೋಡಕ್ಷರ ಸಂದೇಶದಲ್ಲಿ ಬಂದರೆ ಸಾಕು, ಐಫೋನಿನ ಆ್ಯಪ್‌ಗಳು ಕುಸಿದು ಬೀಳುತ್ತಿದ್ದವು. ಜಗತ್ತೆಲ್ಲ ಗಲಾಟೆಯಾದ ಮೇಲೆ ಐಓಎಸ್ 11.2.6 ಬಂದು ಸರಿಹೋಯಿತು. ಕೋಟಿಗಟ್ಟಲೆ ಜನರ ಭಾಷೆಯ ಒಂದು ಅಕ್ಷರ ಫೋನು ಹೊರಗೆ ಬರುವ ಮುಂಚೆ ಪರೀಕ್ಷೆಗೆ ಸಿಕ್ಕಿರಲಿಲ್ಲ!

ಈಗ ನಿಮ್ಮ ಕೆಲಸ. ಲಿನಕ್ಸ್ ಇರುವ ಒಂದು ಹಳೆಯ ಲ್ಯಾಪ್‌ಟಾಪ್ ಸಾಕು. ಹರ್ಫ್‌ಬಜ್‌ನ ಮೂಲವನ್ನು ಗಿಟ್‌ನಿಂದ ಇಳಿಸಿಕೊಳ್ಳಿ. ಕರಿ ಪರದೆ ತೆರೆದು 'ಮೆಸನ್ ಸೆಟಪ್ ಬಿಲ್ಡ್' ಎಂದು ಕೊಡಿ. ಆಮೇಲೆ 'ಮೆಸನ್ ಟೆಸ್ಟ್ -ಸಿ ಬಿಲ್ಡ್'. ಒತ್ತುವುದು ಇಂಗ್ಲಿಷ್ ಅಕ್ಷರದಲ್ಲೇ, ಅಷ್ಟು ಸಹಿಸಿಕೊಳ್ಳಿ. ತಂತ್ರಾಂಶ ತಾನೇ ಕಟ್ಟಿಕೊಂಡು ಪರೀಕ್ಷೆಗಳು ಸಾಲಾಗಿ ಓಡುತ್ತವೆ.

ಮೂರು ಬುದ್ಧಿಮಾತು. ಒಂದು, ಏನನ್ನೂ ತಿದ್ದುವ ಮುಂಚೆ ಎಲ್ಲ ಪರೀಕ್ಷೆ ಒಮ್ಮೆ ಓಡಿಸಿ. ಮೊದಲೇ ಸೋತದ್ದು ಯಾವುದು, ನಿಮ್ಮಿಂದ ಸೋತದ್ದು ಯಾವುದು ಎಂಬುದು ಆಗ ತಿಳಿಯುತ್ತದೆ. ಎರಡು, ಪ್ರತಿ ಸಲವೂ ಎಲ್ಲವನ್ನೂ ಓಡಿಸಿ ಹೊತ್ತು ಕಳೆಯಬೇಡಿ. '--ಲಿಸ್ಟ್' ಕೊಟ್ಟರೆ ಹೆಸರುಗಳು ಸಿಗುತ್ತವೆ, ಬೇಕಾದ ಹೆಸರನ್ನಷ್ಟೇ ಕೊಡಿ. ಸೋತರೆ '--ಪ್ರಿಂಟ್-ಎರರ್‌ಲಾಗ್ಸ್' ಸೇರಿಸಿ, ಎಲ್ಲಿ ಸೋತಿತೆಂದು ಅಲ್ಲೇ ಕಾಣುತ್ತದೆ. ಕೊನೆಗೆ ಮಾತ್ರ ಮತ್ತೆ ಎಲ್ಲವನ್ನೂ ಓಡಿಸಿ. ಮೂರು, ಕೊನೆಯ ಲೆಕ್ಕ ನೋಡುವಾಗ 'ಸ್ಕಿಪ್' ಎಂಬುದನ್ನು ಪಾಸು ಎಂದುಕೊಳ್ಳಬೇಡಿ. ಅದು ಪರೀಕ್ಷೆಗೇ ಕೂರದ ಹುಡುಗ! ಗೆದ್ದವರ ಪಟ್ಟಿಯಲ್ಲಿ ಅವನನ್ನು ಸೇರಿಸಬಾರದು.

ಇಷ್ಟು ಕಲಿತ ಮೇಲೆ ನಿಮ್ಮ ಊರಿನ ಹೆಸರು, ನಿಮ್ಮ ಅಜ್ಜಿಯ ಹೆಸರು, ಹಳಗನ್ನಡದ ಪದ, ಮೂರು ವ್ಯಂಜನ ಕೂಡಿದ ಪದ, ಎಲ್ಲವನ್ನೂ ಕೊಟ್ಟು ನೋಡಿ. ಹರ್ಫ್‌ಬಜ್ ಜೊತೆಗೇ ಬರುವ 'ಎಚ್‌ಬಿ-ವ್ಯೂ' ಆದೇಶ ಅಕ್ಷರದ ಚಿತ್ರವನ್ನೇ ಬಿಡಿಸಿ ತೋರಿಸುತ್ತದೆ. ತಪ್ಪು ಕಂಡರೆ ಮೊದಲು ಬೇರೆ ಫಾಂಟಿನಲ್ಲೂ ನೋಡಿ. ತಪ್ಪು ಫಾಂಟಿನದಾದರೆ ಫಾಂಟು ಮಾಡಿದವರಿಗೆ, ತಂತ್ರಾಂಶದ್ದಾದರೆ ಹರ್ಫ್‌ಬಜ್‌ನವರಿಗೆ ಬರೆಯಿರಿ. ಬರೀ 'ಕನ್ನಡ ಕೆಟ್ಟಿದೆ' ಎಂದು ಬೈದು ಬರೆದರೆ ಯಾರೂ ಓದುವುದಿಲ್ಲ. ಫಾಂಟು, ಸಂಕೇತಗಳು, ಬಂದದ್ದೇನು, ಬರಬೇಕಾದದ್ದೇನು, ಈ ನಾಲ್ಕನ್ನೂ ಇಟ್ಟು ಕೇಳಿದರೆ ಇಲ್ಲವೆನ್ನುವುದು ಕಷ್ಟ. ಸರಿಪಡಿಸಿದ ಮೇಲೆ ಆ ಪದ ಪರೀಕ್ಷೆಯ ಕಡತಕ್ಕೆ ಸೇರುವಂತೆ ನೋಡಿಕೊಳ್ಳಿ. ಅದು ಅಲ್ಲಿರುವವರೆಗೆ ಅದೇ ತಪ್ಪು ಮರಳಿ ಬಂದರೆ ಯಂತ್ರವೇ ಕೂಗಿ ಹೇಳುತ್ತದೆ.

ರಾಜ್ಯೋತ್ಸವಕ್ಕೆ ಬಾವುಟ ಹಾರಿಸಿ, ಬೇಡ ಎನ್ನುವುದಿಲ್ಲ. ಆದರೆ ಬಾವುಟ ಇಳಿಸಿದ ಮಾರನೆಯ ದಿನ ಐದು ಜನ ಒಂದು ಕಡೆ ಕೂತು, ತಲೆಗೆ ಹತ್ತು ಪದದಂತೆ ಐವತ್ತು ಪದ ಪರೀಕ್ಷಿಸಿ. ಕೆಂಗೇರಿಯ ಹುಡುಗರಿಗೆ ಇದು ಒಂದು ಸಂಜೆಯ ಕೆಲಸ. ಮುಂದಿನ ಸಭೆಗೆ ಬರುವಾಗ ಸೋತ ಪದಗಳ ಪಟ್ಟಿ ನಿಮ್ಮ ಕೈಯಲ್ಲಿರಲಿ.

ಜೈ ಕರ್ನಾಟಕ! ಜೈ ಭುವನೇಶ್ವರಿ!