ವರ್ಷಾಭೂ



ಪೀಣ್ಯದ ಕಡೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುವ ನನಗೂ ಪ್ರಾಣಿಶಾಸ್ತ್ರಕ್ಕೂ ಏನು ನಂಟು ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಆ ನಂಟನ್ನು ಬೆಳೆಸಿದವನು ಎಂಟನೆಯ ತರಗತಿಯ ಒಬ್ಬ ಹುಡುಗ. ಅಮರಕೋಶದಲ್ಲಿ ಕಪ್ಪೆಗೆ ಭೇಕ, ಮಂಡೂಕ, ದರ್ದುರ ಎಂಬ ಹೆಸರುಗಳ ಜೊತೆಗೆ ‘ವರ್ಷಾಭೂ’ ಎಂಬುದೂ ಒಂದು. ಮಳೆಯಲ್ಲಿ ಹುಟ್ಟುವಂಥದು ಎಂದು ಅದರ ಅರ್ಥ, ಎಂದು ಒಂದು ದಿನ ವಿವರಿಸುತ್ತಿದ್ದೆ. ಹುಡುಗ ಎದ್ದು ನಿಂತು, “ಹಾಗಾದರೆ ಬೇಸಗೆಯಲ್ಲಿ ಅದು ಎಲ್ಲಿರುತ್ತದೆ ಸಾರ್?” ಎಂದ. ಮೂವತ್ತು ವರ್ಷ ಆ ಶಬ್ದವನ್ನು ಬಾಯಿಪಾಠ ಹೇಳಿಸಿದ ನನಗೆ ಉತ್ತರ ತಿಳಿದಿರಲಿಲ್ಲ.

ಉತ್ತರ ಬಹು ದೂರದಲ್ಲೇನೂ ಇರಲಿಲ್ಲ. ಬೆಂಗಳೂರಿನಿಂದ ದೊಡ್ಡಬಳ್ಳಾಪುರದ ಹಾದಿಯಲ್ಲಿ ರಾಜಾನುಕುಂಟೆ ಎಂಬ ಊರಿದೆ. ಕುಂಟೆ ಎಂದರೆ ನೀರು ನಿಲ್ಲುವ ಸಣ್ಣ ಹೊಂಡವೆಂಬುದು ತಮಗೆ ಗೊತ್ತಿದೆ. ಆ ಸೀಮೆಯಲ್ಲಿ, ಉಳದೆ ಬಿಟ್ಟ ಬೀಳುನೆಲದಲ್ಲಿ ಸಿಕ್ಕಿದ ಒಂದು ಕಪ್ಪೆ ಶಾಸ್ತ್ರಕ್ಕೆ ಹೊಸ ಜಾತಿಯೆಂದು 2020ರಲ್ಲಿ ಪ್ರಕಟವಾಯಿತು. ಇದರಲ್ಲಿ ಮುಂದಾಳಾದವರು ಮೌಂಟ್ ಕಾರ್ಮೆಲ್ ಕಾಲೇಜಿನ ಅಧ್ಯಾಪಕ ಪಿ. ದೀಪಕ್. ಪುಣೆಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ಕೆ. ಪಿ. ದಿನೇಶ್ ಅವರೂ, ನಮ್ಮ ಭಾರತೀಯ ವಿಜ್ಞಾನ ಸಂಸ್ಥೆ, ಮೈಸೂರಿನ ಯುವರಾಜ ಕಾಲೇಜು, ದೂರದ ಪ್ಯಾರಿಸ್ ವಸ್ತುಸಂಗ್ರಹಾಲಯಗಳ ವಿದ್ವಾಂಸರೂ ಕೈಗೂಡಿಸಿದರು. ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗುವ ಕೆಲಸ ಎಂದು ನಾವು ಹಾಸ್ಯ ಮಾಡುತ್ತೇವೆ. ಇವರಾದರೋ ಕಾಲು, ಬೆರಳು, ತಲೆ ಎಲ್ಲವನ್ನೂ ಅಳೆದು, ಡಿ.ಎನ್.ಎ.ಯನ್ನೂ ಹೋಲಿಸಿ ನೋಡಿ, ಇದು ತನ್ನ ನೆಂಟರಿಂದ ಬೇರೆಯೇ ಎಂದು ನಿರ್ಣಯಿಸಿದರು. ಊರಿನ ಗೌರವಾರ್ಥ ಅದಕ್ಕೆ ‘ಸ್ಫೇರೋತೀಕ ಬೆಂಗಳೂರು’ ಎಂದು ನಾಮಕರಣವಾಯಿತು. ಕಪ್ಪೆಯೇನೂ ಹೊಸದಲ್ಲ, ಗುರುತಿಸಿದ್ದು ಹೊಸದು. ಕೆಂಪೇಗೌಡರು ಕೋಟೆ ಕಟ್ಟುವ ಮೊದಲೇ ಇಲ್ಲಿದ್ದ ಒಕ್ಕಲು ಅದು.

ಈ ಕುಲದ ಕಪ್ಪೆಗಳ ಹಿಂಗಾಲಿನಲ್ಲಿ ಸಲಿಕೆಯ ಅಂಚಿನಂಥ ಒಂದು ಗಡುಸು ಗಂಟಿದೆ. ಅದರಿಂದ ಮಣ್ಣನ್ನು ಬದಿಗೆ ತಳ್ಳುತ್ತ, ಹಿಂಭಾಗವನ್ನು ಮುಂದು ಮಾಡಿ ನೆಲದೊಳಕ್ಕೆ ಇಳಿಯುತ್ತವೆ. ಒಣಗಾಲವನ್ನು ಅಲ್ಲಿಯೇ ಕಳೆಯುತ್ತವೆ. ಮಳೆ ಬಿದ್ದಾಗ ಮೇಲೆದ್ದು ಕೂಗಿ, ಹೊಂಡದ ನೀರಿನಲ್ಲಿ ಮೊಟ್ಟೆಯಿಡುತ್ತವೆ. ನೀರು ಬತ್ತುವುದರೊಳಗೆ ಗೊದಮೊಟ್ಟೆ ಕಪ್ಪೆಯಾಗಬೇಕು. ‘ಭೂ’ ಧಾತುವಿಗೆ ಇರುವುದು, ಆಗುವುದು ಎಂಬ ಅರ್ಥಗಳಿವೆಯಷ್ಟೆ. ವರ್ಷಾಭೂ ಎಂಬ ಹೆಸರಿಟ್ಟ ಹಿರಿಯರು ಕಣ್ಣಿಟ್ಟು ನೋಡಿದ್ದರು; ನಾನು ಪುಸ್ತಕವನ್ನು ಮಾತ್ರ ನೋಡಿದ್ದೆ.

ಈಗ ನನ್ನ ಕಳವಳದ ಮಾತು. ಕಟ್ಟಡದ ಕೆಲಸ ಚುರುಕಾಗುವುದು ಬೇಸಗೆಯಲ್ಲಿ. ಕಪ್ಪೆ ನೆಲದೊಳಗೆ ಮಲಗಿರುವುದೂ ಆಗಲೇ. ನಮ್ಮ ಶಾಲೆಯ ಹಿಂದೆ ಒಂದು ಬಯಲಿತ್ತು. ಮೊದಲ ಮಳೆಯ ರಾತ್ರಿ ಅಲ್ಲಿಂದ ಕೂಗು ಕೇಳುತ್ತಿತ್ತು. ಹೋದ ಬೇಸಗೆ ಅದನ್ನು ಸಮ ಮಾಡಿ ಕಾಂಕ್ರೀಟು ಹಾಸಿದರು. ಮಳೆ ಬಂತು, ಕೂಗು ಬರಲಿಲ್ಲ. ಯಾರನ್ನು ದೂರಲಿ? ಆ ಬಯಲಿನ ಮೇಲೆ ಎದ್ದ ಷೆಡ್ಡಿನಲ್ಲಿ ದುಡಿಯುವವರ ಮಕ್ಕಳೇ ನನ್ನ ಎದುರು ಕುಳಿತು ಓದುತ್ತಾರೆ. ಊಟ ಕೊಟ್ಟ ನೆಲವನ್ನು ಹಳಿಯಲಾರೆ. ಆದರೆ ಲೆಕ್ಕದಲ್ಲಿ ಬೀಳು ಎಂದು ಬರೆದ ನೆಲವೆಲ್ಲ ಬರಿದು ಎಂದು ಇನ್ನು ಮೇಲೆ ನನ್ನ ಬಾಯಿಂದ ಬಾರದು.

ಆ ಹುಡುಗ ಈಗ ಒಂದು ನೋಟುಬುಕ್ಕು ಇಟ್ಟಿದ್ದಾನೆ. ಮೊದಲ ಮಳೆ ಯಾವ ದಿನ, ಕೂಗು ಎಲ್ಲಿಂದ, ಎಷ್ಟು ಹೊತ್ತು ಎಂದು ಬರೆಯುತ್ತಾನೆ. ತಮ್ಮ ಮನೆಯ ಅಂಗಳದಲ್ಲಿ, ಕಾರ್ಖಾನೆಯ ಆವರಣದಲ್ಲಿ ಒಂದು ಮೂಲೆಯ ಮಣ್ಣನ್ನು ಮುಚ್ಚದೆ ಬಿಡಿ. ಮಳೆಯ ನೀರು ಅಲ್ಲಿ ಒಂದಿಷ್ಟು ನಿಲ್ಲಲಿ. ಮುಂದಿನ ಮುಂಗಾರಿನ ಮೊದಲ ರಾತ್ರಿ ರೇಡಿಯೋವನ್ನು ಅರೆಗಳಿಗೆ ನಿಲ್ಲಿಸಿ, ಕಿಟಕಿ ತೆರೆದು ಕೇಳಿ. ಕೂಗು ಕೇಳಿಸಿದರೆ ಮನೆಯ ಮಕ್ಕಳಿಂದ ದಿನಾಂಕ ಬರೆಸಿಡಿ. ಕಾಲೇಜಿನವರ ಸಂಶೋಧನೆಯೂ ಇಂಥದೇ ಒಂದು ಕೇಳುವಿಕೆಯಿಂದ ಆರಂಭವಾಗುವುದಲ್ಲವೆ?